ಟಿವಿಯ ಸಾಹುಕಾರ್ತಿಯರೂ ನನ್ನ ಮಗಳ ಒಸಗೆಯೂ

ನನ್ನ ಹತ್ರ ಬ್ಲೌಸ್ ಹೊಲಿಸೋಕೆ ಬರೋ ಹೆಂಗಸರಿಗೆ ಒಂದು ಅಭ್ಯಾಸ. ಅಳತೆ ಕೊಡ್ತಾ ಕೊಡ್ತಾನೇ ಮಕ್ಕಳ ಮೇಲೆ ದೂರು ಹೇಳ್ತಾರೆ. ಕೈ ಎತ್ತಿ ನಿಂತಿರ್ತಾರೆ, ನಾನು ಟೇಪು ಸುತ್ತಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರ್ತೀನಿ, ಹೂಂ ಅನ್ನೋಕೂ ಆಗಲ್ಲ, ಅವರ ಮಾತು ಮಾತ್ರ ನಿಲ್ಲಲ್ಲ. ಮೊನ್ನೆ ಅಪಾರ್ಟ್‌ಮೆಂಟಿನವರೊಬ್ಬರು ಹಾಗೇ ನಿಂತುಕೊಂಡು ಕೇಳಿದ್ರು: "ಆ ಮುಂಬೈ ಶ್ರೀಮಂತ ಹೆಂಗಸರ ರಿಯಾಲಿಟಿ ಶೋ ಇದೆಯಲ್ಲ, ನನ್ನ ಮಗಳು ಅದಕ್ಕೇ ಅಂಟ್ಕೊಂಡಿದಾಳೆ ಕಣ್ರೀ. ಆ ವಯಸ್ಸಿನ ಹುಡುಗೀರು ನೋಡೋ ಅಂಥದ್ದಾ ಅದು? ನಿಮಗೂ ಅದೇ ವಯಸ್ಸಿನ ಮಗಳಿದಾಳಲ್ಲ, ನೀವೇನ್ ಮಾಡ್ತೀರಿ?"

ನನಗೆ ನಗು ತಡೆಯೋಕಾಗ್ಲಿಲ್ಲ. ಯಾಕಂದ್ರೆ ಅದಕ್ಕೆ ಸ್ವಲ್ಪ ಮುಂಚೆ ಅವರೇ ಮೊಬೈಲ್ ತೆಗೆದು, "ಬೆನ್ನಿನ ಕಡೆ ಇವಳದ್ದು ಇದೆಯಲ್ಲ, ಅದೇ ಥರ ಬರ್ಲಿ" ಅಂತ ತೋರಿಸಿದ ಫೋಟೋ ಅದೇ ಶೋದು. ಪಿನ್ನು ತೆಗೆದಿಟ್ಟು, "ಕೂತ್ಕೊಳ್ಳಿ, ಹೇಳ್ತೀನಿ" ಅಂದೆ. ಅವತ್ತು ಹೇಳಿದ್ದು ಅರ್ಧ ಅಷ್ಟೇ, ಅವರ ಕುಕ್ಕರ್ ಕಾಯ್ತಾ ಇತ್ತು. ಪೂರ್ತಿ ಇಲ್ಲಿ ಬರೀತಿದ್ದೀನಿ. ಬರೀಲಾ ಅಂತ ಮಗಳನ್ನ ಕೇಳಿದೀನಿ. "ಬರಿ, ಆದ್ರೆ ಯಾರ ಹೆಸರೂ ಹಾಕ್ಬೇಡ" ಅಂದ್ಲು. ಹಾಕಲ್ಲ.

ನಮ್ಮ ಮನೆ ಯಲಹಂಕದ ಹಿಂಬದಿಗೆ. ನಾನು ಮದುವೆಯಾಗಿ ಬಂದಾಗ ಅದು ಹಳ್ಳಿ. ಮನೆ ಹಿಂದೆ ದ್ರಾಕ್ಷಿ ಚಪ್ಪರ, ಮುಂದೆ ರಾಗಿ ಹೊಲ. ಈಗ ಹೊಲದಲ್ಲಿ ಲೇಔಟು, ಚಪ್ಪರದ ಜಾಗದಲ್ಲಿ ಜಿಮ್ಮು. ನಮ್ಮ ಭಾವ, ಅಂದ್ರೆ ಗಂಡನ ಅಣ್ಣ, ಬೇಸಾಯ ಬಿಟ್ಟು ಬಿಲ್ಡರ್ ಆದ್ರು. ಮುಂದಿನ ಸಲ ವಾರ್ಡ್ ಎಲೆಕ್ಷನ್ನಿಗೆ ನಿಲ್ಲಬೇಕು ಅಂತ ಬಿಳೀ ಶರ್ಟು ಹಾಕ್ಕೊಂಡು ಓಡಾಡ್ತಿದಾರೆ. ನನ್ನ ಗಂಡ ಸಣ್ಣ ಎಲೆಕ್ಟ್ರಿಕಲ್ ಅಂಗಡಿ ಇಟ್ಕೊಂಡಿದಾರೆ. ಒಳ್ಳೆ ಮನುಷ್ಯ, ಆದ್ರೆ ಅಣ್ಣನ ಎದುರು ನಿಂತ್ರೆ ಬಾಯಿಗೆ ಬೀಗ. ನಮ್ಮತ್ತೆ ನಮ್ಮ ಜೊತೆಗೇ ಇದಾರೆ. ಮುಂದಿನ ರೂಮಲ್ಲಿ ನನ್ನ ಹೊಲಿಗೆ ಮಿಷನ್ನು. ಇರೋಳು ಒಬ್ಬಳೇ ಮಗಳು, ಒಂಬತ್ತನೇ ಕ್ಲಾಸು.

ಅವರೆಕಾಯಿ ಕಾಲ. ಒಂದು ಸಂಜೆ ಮಿಷನ್ ತುಳೀತಾ ಇದ್ದೆ, ಹಾಲಿನಿಂದ ಹೆಂಗಸರು ಕಿತ್ತಾಡೋ ಸದ್ದು. ಅರ್ಧ ಇಂಗ್ಲಿಷು, ಅರ್ಧ ಹಿಂದಿ. ಕೈಯಲ್ಲಿದ್ದ ಕತ್ತರಿ ಸಮೇತ ಎದ್ದು ಹೋದೆ. ನೋಡಿದ್ರೆ ದಿವಾನದ ಮೇಲೆ ಅಜ್ಜಿ, ಮೊಮ್ಮಗಳು ಅಕ್ಕಪಕ್ಕ ಕೂತು, ಮಧ್ಯೆ ಪಾತ್ರೆ ಇಟ್ಕೊಂಡು, ನೆನೆಸಿದ ಅವರೆಕಾಳು ಇಸುಕ್ತಾ ಟಿವಿ ನೋಡ್ತಿದಾರೆ. ಟಿವೀಲಿ ಮೈತುಂಬ ವಜ್ರ ಹಾಕ್ಕೊಂಡ ಇಬ್ಬರು, ಯಾರದ್ದೋ ದುಬೈ ಬರ್ತ್‌ಡೇಗೆ ಯಾರನ್ನೋ ಕರೀಲಿಲ್ಲ ಅಂತ ಅಳ್ತಿದಾರೆ. ನಮ್ಮತ್ತೆಗೆ ಹಿಂದೀನೂ ಬರಲ್ಲ, ಇಂಗ್ಲಿಷೂ ಬರಲ್ಲ. ಆದ್ರೂ ಹೇಳ್ತಿದಾರೆ: "ನೋಡು ಕೂಸೇ, ಆ ಅಳದಿ ಸೀರೆಯೋಳು ಏನೋ ಮಸಲತ್ತು ಮಾಡ್ತಾ ಅವ್ಳೆ. ಬಾಯಾಗೆ ನಗು, ಕಣ್ಣಾಗೆ ಕಿಚ್ಚು. ಈ ಸಾವ್ಕಾರ್ತೀರಿಗೆ ಮನೇಲಿ ಗೇಯ್ಮೆ ಇಲ್ವಾ?"

ನನಗೆ ಪಿತ್ತ ನೆತ್ತಿಗೇರ್ತು. ರಿಮೋಟ್ ಕಿತ್ಕೊಂಡು ಆರಿಸ್ದೆ. "ನಾಚಿಕೆ ಆಗಲ್ವೇನೇ ನಿನಗೆ? ಪರೀಕ್ಷೆ ಇಟ್ಕೊಂಡು ಈ ಗೊಡ್ಡು ಜಗಳ ನೋಡ್ತಾ ಕೂತಿದೀಯ? ಇವರಿಗೆ ಮಾಡೋಕೆ ಕೆಲಸ ಇಲ್ಲ, ಇವರನ್ನ ನೋಡೋ ನಿನಗೂ ಇಲ್ಲ. ಇನ್ಮೇಲೆ ಈ ಮನೇಲಿ ಇದು ಬಂದ್."

ಮಗಳು ಇಸುಕಿದ ಬೇಳೆಯನ್ನ ಪಾತ್ರೆಗೆ ಹಾಕಿ, ಕೈ ಒರೆಸ್ಕೊಂಡು, ನಿಧಾನವಾಗಿ ಅಂದ್ಲು: "ಅಮ್ಮ, ಹೋದ ವಾರ ನೀನು ಹೊಲಿದ ಆ ಹಸಿರು ಬ್ಲೌಸು, ಹಿಂದೆ ಲಾಡಿ ಕಟ್ಟೋದು, ಅದು ಈ ಶೋದವಳದ್ದೇ ಡಿಸೈನು. ಇದನ್ನ ನೋಡೋರು ಇಲ್ದಿದ್ರೆ ನಿನಗೆ ಆ ಆರ್ಡರ್ ಎಲ್ಲಿಂದ ಬರ್ತಿತ್ತು?"

ಅತ್ತೆ ಕಿಸಕ್ಕಂತ ನಕ್ಕುಬಿಟ್ರು. ಮೈಯೆಲ್ಲ ಉರಿದುಹೋಯ್ತು ನನಗೆ. ಇಬ್ಬರೂ ಒಂದೇ ಪಕ್ಷ.

ಆದ್ರೆ ನನ್ನ ಸಿಟ್ಟು ಸುಮ್ಮನೆ ಬಂದದ್ದಲ್ಲ. ಸ್ವಲ್ಪ ದಿನದ ಹಿಂದೆ ಇದೇ ಹುಡುಗಿ, ಗಿರಾಕಿಗಳಿಗೆ ಅಂತ ಇಟ್ಟಿರೋ ದೊಡ್ಡ ಕನ್ನಡಿ ಮುಂದೆ ನಿಂತು, ಮೂಗಿನ ಎರಡೂ ಕಡೆ ಒತ್ತಿ ಹಿಡ್ಕೊಂಡು, "ಅಮ್ಮ, ನಾನು ಕಪ್ಪಲ್ವಾ?" ಅಂತ ಕೇಳಿದ್ಲು. ನಮ್ಮ ಮನೇಲಿ ಎಲ್ಲರೂ ಎಣ್ಣೆಗೆಂಪು. ಯಾರಿಗೂ ಯಾವತ್ತೂ ಅದು ವಿಷಯವೇ ಆಗಿರಲಿಲ್ಲ. "ಯಾರೇ ಹೇಳಿದ್ದು ನಿನಗೆ?" ಅಂದ್ರೆ "ಯಾರೂ ಇಲ್ಲ" ಅಂದು ಒಳಗೆ ಹೋದ್ಲು. ಈಗ ಗೊತ್ತಾಯ್ತಲ್ಲ ಯಾರು ಹೇಳ್ತಿದ್ದದ್ದು ಅಂತ. ತುಟಿಗೆ ಸೂಜಿ ಚುಚ್ಚಿಸ್ಕೊಳ್ಳೋರು, ಮುಖ ಜಗ್ಗಿಸ್ಕೊಳ್ಳೋರು, ಮಗಳ ಮುಂದೆ ಮೆರೀತಾ ಕೂತಿದ್ರೆ ಯಾವ ತಾಯಿಗೆ ಹೊಟ್ಟೆ ತಣ್ಣಗಿರುತ್ತೆ ಹೇಳಿ?

ಅದನ್ನ ಅವಳಿಗೆ ನೇರವಾಗೇ ಹೇಳ್ದೆ. ಅದಕ್ಕೆ ಅವಳು, "ಒಂದು ಎಪಿಸೋಡು ನನ್ನ ಜೊತೆ ಕೂತು ನೋಡು. ಆಮೇಲೂ ಬೇಡ ಅನ್ಸಿದ್ರೆ ನಾನೇ ನೋಡಲ್ಲ" ಅಂದ್ಲು. ಅವಳು ಕೊಟ್ಟ ಮಾತಿಗೆ ತಪ್ಪೋಳಲ್ಲ. ಆಯ್ತು ಅಂದೆ.

ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಕೂತ್ವಿ, ಮೂರೂ ಜನ. ನಾನು ಜಡ್ಜ್ ಥರ ಮಧ್ಯದಲ್ಲಿ. ಶುರುವಾಗಿ ಸ್ವಲ್ಪ ಹೊತ್ತಿಗೇ ಮಗಳು, "ಅಮ್ಮ, ಅವಳ ಓಲೆ ನೋಡ್ಕೋ" ಅಂದ್ಲು. ನೋಡ್ಕೊಂಡೆ, ಹಸಿರು ಕಲ್ಲಿಂದು. ಜಗಳ ಏರ್ತು, ಇವಳು ಕಿರುಚಿದ್ಲು, ಅವಳು ಕಣ್ಣು ಒರೆಸ್ಕೊಂಡ್ಲು. "ಈಗ ನೋಡು." ಓಲೆ ಮುತ್ತಿಂದು! "ಕಿರುಚಿದ್ದು ಒಂದು ದಿನ, ಅತ್ತಿದ್ದು ಇನ್ನೊಂದು ದಿನ. ಕತ್ತರಿಸಿ ಜೋಡಿಸಿದಾರೆ. ನೀನು ತೋಳು ಒಂದು ಬಟ್ಟೇದು, ಬೆನ್ನು ಒಂದು ಬಟ್ಟೇದು ಹಾಕಿ ಹೊಲೀತೀಯಲ್ಲ, ಹಾಗೆ." ಆಮೇಲೆ ಇನ್ನೊಂದು ತೋರಿಸಿದ್ಲು. "ಈ ಮನೇಲಿ ಬಾಗಿಲು ತೆಗೆಯೋರು ಯಾರು, ಟೀ ತರೋರು ಯಾರು, ನೋಡ್ತಿರು. ಬರೀ ಕೈ ಕಾಣುತ್ತೆ. ಮುಖ ಒಂದ್ಸಲಾನೂ ತೋರಿಸಲ್ಲ." ನಿಜ. ಇಡೀ ಎಪಿಸೋಡು ನೋಡಿದೆ, ಟ್ರೇ ಹಿಡಿದ ಕೈಗಳು ಬಂದ್ವು, ಹೋದ್ವು, ಒಂದು ಮುಖ ಕಾಣಲಿಲ್ಲ. ನನ್ನ ಕಣ್ಣು ಬಿದ್ದಿದ್ದು ಮಾತ್ರ ಬೇರೆ ಕಡೆ. ಅಷ್ಟು ದುಡ್ಡಿರೋಳು, ಬ್ಲೌಸಿನ ಭುಜ ಇಳಿಬಿದ್ದಿದೆ. ಅದನ್ನ ಹೊಲಿದೋನಿಗೆ ನಾಚಿಕೆ ಆಗ್ಬೇಕು.

"ಕನ್ನಡಿ ಮುಂದೆ ನಿಂತಿದ್ದೆ ನಿಜ" ಅಂದ್ಲು ಕೊನೆಗೆ, ನನ್ನ ಕಡೆ ನೋಡ್ದೆ. "ಒಬ್ಬಳೇ ಮೊಬೈಲಲ್ಲಿ ನೋಡ್ತಿದ್ದಾಗ ಹಾಗೆ ಅನ್ಸ್ತಿತ್ತು. ಅಜ್ಜಿ ಜೊತೆ ನೋಡಿದ್ರೆ ಅನ್ಸಲ್ಲ. ಅಜ್ಜಿ ಎಲ್ಲರನ್ನೂ ಬೈತಾರೆ."

ಹಾಗಾಗಿ ತೀರ್ಮಾನ ಕೊಟ್ಟೆ. ಮೊಬೈಲಲ್ಲಿ ಇಲ್ಲ, ರೂಮಲ್ಲಿ ಇಲ್ಲ, ಹಾಲಲ್ಲಿ ಮಾತ್ರ, ಅಜ್ಜಿನೋ ನಾನೋ ಪಕ್ಕದಲ್ಲಿರಬೇಕು, ಮನಸ್ಸಿಗೆ ಬಂದದ್ದನ್ನ ಬಾಯಿಬಿಟ್ಟು ಹೇಳ್ಬೇಕು. ಅತ್ತೆಗೆ ಭಾರೀ ಖುಷಿ. ಮಾರನೇ ದಿನ ಭಾವ ಬಂದಾಗ, "ನಿನ್ನ ತಮ್ಮನ ಮಗಳು ನಂಗೆ ಬೊಂಬಾಯಿ ಎಂಗಸ್ರ ಆಟ ತೋರಿಸ್ತಾ ಅವ್ಳೆ ಕಣ್ಲಾ" ಅಂತ ಹೇಳೂಬಿಟ್ರು. ಭಾವ ಜೋರಾಗಿ ನಕ್ಕು, "ಓ, ನಮ್ಮ ಹುಡುಗಿ ಹೈಫೈ!" ಅಂದು ಹೋದ್ರು. ಆ ಮಾತು ಅವರ ತಲೇಲಿ ಉಳ್ಕೊಂಡಿದೆ ಅಂತ ನನಗೆ ಆಗ ಗೊತ್ತಾಗ್ಲಿಲ್ಲ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಮಗಳು ಬಾತ್‌ರೂಮಿನಿಂದ "ಅಮ್ಮಾ" ಅಂತ ಕರೆದ್ಲು. ಕರೆದ ರೀತೀಲೇ ಗೊತ್ತಾಯ್ತು. ಭಯ ಏನೂ ಪಡ್ಲಿಲ್ಲ, ನಾನು ಮೊದಲೇ ಎಲ್ಲಾ ಹೇಳಿಕೊಟ್ಟಿದ್ದೆ. ಹೊಟ್ಟೆ ನೋವು ಅಂದ್ಲು, ಬಿಸಿನೀರಿನ ಚೀಲ ಕೊಟ್ಟೆ. ತಬ್ಬಿಕೊಂಡೆ. ಹೆಮ್ಮೇನೋ ಸಂಕಟಾನೋ ಹೇಳಕ್ಕಾಗಲ್ಲ, ಕಣ್ಣಲ್ಲಿ ನೀರು ಬಂತು. ಅತ್ತೆಗೆ ಹೇಳ್ದೆ. ಅವರು ಅಡುಗೆಮನೆಗೆ ನುಗ್ಗಿ ಕೊಬ್ಬರಿ, ಬೆಲ್ಲ, ತುಪ್ಪ ಹುಡುಕೋಕೆ ಶುರು ಮಾಡಿದ್ರು. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟಿದ್ರು. ಕಟ್ತಾ ಕಟ್ತಾನೇ ದೊಡ್ಡ ಮಗನಿಗೆ ಫೋನು ಮಾಡಿಸಿದ್ರು.

ನಮ್ಮ ಕಡೆ ಹುಡುಗಿ ದೊಡ್ಡೋಳಾದ್ರೆ ಒಸಗೆ ಮಾಡ್ತಾರೆ. ಸೋದರಮಾವ ಹಸಿರು ಗರಿ ತಂದು ಗುಡ್ಲು ಹಾಕ್ಬೇಕು, ಹುಡುಗೀನ ಅದರೊಳಗೆ ಮಣೆ ಮೇಲೆ ಕೂರಿಸಿ, ಮುತ್ತೈದೆಯರು ಆರತಿ ಎತ್ತಿ, ಮಡಿಲು ತುಂಬಿ, ಸೋಬಾನೆ ಹೇಳಿ ಊಟ ಹಾಕೋದು. ಇಷ್ಟೇ. ಮನೆ ಮಟ್ಟದ್ದು, ಹೆಂಗಸರದ್ದು. ಆದ್ರೆ ಜಮೀನಿಗೆ ಬೆಲೆ ಬಂದ ಮೇಲೆ ಒಸಗೆಗೂ ಬಂತು ನೋಡಿ. ಕಲ್ಯಾಣ ಮಂಟಪ, ಸ್ಟೇಜು, ಡ್ರೋನು, ಆರ್ಕೆಸ್ಟ್ರಾ. ದೊಡ್ಡಬಳ್ಳಾಪುರ ರಸ್ತೇಲಿ ನಿಂತು ನೋಡಿದ್ರೆ ಕಂಬಕ್ಕೊಂದು ಫ್ಲೆಕ್ಸು, ಅದರಲ್ಲಿ ಪಾಪದ ಹುಡುಗಿ ಕಿರೀಟ ಇಟ್ಕೊಂಡು, ಸುತ್ತ ಮುಖಂಡರ ಮೂತಿಗಳು. ಹುಡುಗಿ ಮುಟ್ಟಾದ ಸಮಾಚಾರ ಲಾರಿ ಡ್ರೈವರಿಗೂ ಗೊತ್ತಾಗಬೇಕು, ಆಗ್ಲೇ ಇವರಿಗೆ ಸಮಾಧಾನ. ನನಗೆ ಅದನ್ನ ಕಂಡ್ರೆ ಮೊದಲಿಂದ ಮೈ ಪರಚ್ಕೊಳ್ಳೋ ಹಾಗಾಗುತ್ತೆ.

ಭಾವ ಎರಡೇ ಫೋನಲ್ಲಿ ಮಂಟಪ ಬುಕ್ ಮಾಡಿದ್ರು. ನಮ್ಮನ್ನ ಕೇಳಿದ್ದು ಊಟಕ್ಕೆ ಹೋಳಿಗೆನಾ, ಜಾಮೂನಾ ಅಂತ ಮಾತ್ರ. ನನ್ನ ಗಂಡ ಹೋಳಿಗೆ ಅಂದ್ರು. ಹೋಳಿಗೆ ಅಂತೆ! ನಾನು ಒಳಗೆ ಕರೆದು, "ರೀ, ಫ್ಲೆಕ್ಸು ಗಿಕ್ಸು ಬೇಡ ಅಂತ ಹೇಳಿ ನಿಮ್ಮಣ್ಣಂಗೆ" ಅಂದ್ರೆ, "ಅಣ್ಣ ಪ್ರೀತಿಯಿಂದ ಮಾಡ್ತಿದಾನೆ ಕಣೇ, ಹೆಂಗೆ ಬೇಡ ಅನ್ನೋದು" ಅಂತ ತಲೆ ಕೆರ್ಕೊಂಡ್ರು. ಅದೂ ಸುಳ್ಳಲ್ಲ. ಭಾವನಿಗೆ ಇಬ್ಬರೂ ಗಂಡು ಮಕ್ಕಳು, ಇವಳನ್ನ ಹೆಗಲ ಮೇಲೆ ಹೊತ್ತು ಬೆಳೆಸಿದೋರು. ಪ್ರೀತೀನೂ ಇತ್ತು, ವಾರ್ಡೂ ಇತ್ತು. ಯಾವುದು ಎಷ್ಟು ಅಂತ ಅವರಿಗೇ ಗೊತ್ತಿರಲಿಲ್ಲ ಅನ್ಸುತ್ತೆ.

ಮಗಳು ಏನೂ ಹೇಳ್ತಿರಲಿಲ್ಲ. ಅಜ್ಜಿ ಕೊಟ್ಟ ಚಿಗಳಿ ತಿಂದ್ಕೊಂಡು ರೂಮಲ್ಲಿ ಇದ್ಲು. ಮೂರು ಹೊತ್ತೂ ಮಾತಾಡೋ ಹುಡುಗಿ ಸುಮ್ಮನಾದ್ರೆ ನನಗೆ ಭಯ. ಪಕ್ಕದಲ್ಲಿ ಹೋಗಿ ಕೂತೆ. ಆಗ ಅಂದ್ಲು: "ಅಮ್ಮ, ನಮ್ಮ ಸ್ಕೂಲ್ ಬಸ್ಸು ಸರ್ಕಲ್ಲಲ್ಲೇ ನಿಲ್ಲುತ್ತೆ. ನಮ್ಮ ಕ್ಲಾಸಿನ ಹುಡುಗರೆಲ್ಲ ಅಲ್ಲೇ ಹತ್ತೋದು. ಫ್ಲೆಕ್ಸು ಅಲ್ಲೇ ತಾನೆ ಹಾಕೋದು?" ಅಲ್ಲೇ. ನಮ್ಮೂರ ಫ್ಲೆಕ್ಸುಗಳೆಲ್ಲ ಅಲ್ಲೇ. "ಹಾಕಿದ್ರೆ ನಾನು ಆ ಸ್ಕೂಲಿಗೆ ಹೋಗಲ್ಲ ಅಮ್ಮ. ಜಗಳ ಮಾಡ್ತಿಲ್ಲ. ಹೋಗೋಕೆ ಆಗಲ್ಲ, ಅಷ್ಟೇ." ಹಠ ಮಾಡೋ ದನಿಯಲ್ಲ ಅದು. ಆ ಸ್ಕೂಲಂದ್ರೆ ಅವಳಿಗೆ ಪ್ರಾಣ. "ಹಾಕೋಕೆ ಬಿಡಲ್ಲ ನಾನು" ಅಂದೆ. ಹೇಗೆ ಬಿಡಲ್ಲ ಅಂತ ನನಗೂ ಗೊತ್ತಿರಲಿಲ್ಲ. ಕಿರೀ ಸೊಸೆ ನಾನು, ಮದುವೆಯಾಗಿ ಬಂದಾಗಿನಿಂದ ಭಾವನಿಗೆ ಎದುರು ಮಾತಾಡಿದೋಳಲ್ಲ. ಊರಿನ ಮಿಕ್ಕವರಿಗೆಲ್ಲ ಮಾತಾಡಿದೀನಿ, ಅದು ಬೇರೆ.

ಮಾರನೇ ಸಂಜೆ ಭಾವ ಬಂದ್ರು, ಮುಖದಲ್ಲಿ ಸಂಭ್ರಮ ತುಳುಕ್ತಾ ಇದೆ. "ಎಲ್ಲಾ ಬನ್ರಪ್ಪ, ಡಿಸೈನ್ ಬಂದಿದೆ" ಅಂತ ಮೊಬೈಲನ್ನ ನಮ್ಮ ಟಿವಿಗೆ ಕನೆಕ್ಟ್ ಮಾಡಿದ್ರು. ಟಿವಿ ತುಂಬ ಫ್ಲೆಕ್ಸು. ಮೇಲೆ ಸಾಲಾಗಿ ಮುಖಂಡರ ತಲೆಗಳು. ಬಲಗಡೆ ಕೈ ಮುಗಿದ ಭಾವ, ಆಳೆತ್ತರ. ನಡುವೆ ಮಗಳು, ಯಾವುದೋ ಮದುವೇಲಿ ತೆಗೆದ ಫೋಟೋ ಕತ್ತರಿಸಿ ಹಾಕಿದಾರೆ, ಹಿಂದೆ ಅರಮನೆ, ಮುಂದೆ ನವಿಲು. "ನಮ್ಮ ಮನೆಯ ಮಹಾಲಕ್ಷ್ಮಿಯ ಒಸಗೆ ಮಹೋತ್ಸವಕ್ಕೆ ಸರ್ವರಿಗೂ ಆದರದ ಸ್ವಾಗತ." ಮುಖವನ್ನ ಎಷ್ಟು ಬೆಳ್ಳಗೆ ಮಾಡಿದಾರೆ ಅಂದ್ರೆ ಸುಣ್ಣ ಬಳಿದ ಗೋಡೆ.

ಮಗಳು ಟಿವಿ ಹತ್ರ ಹೋಗಿ ನಿಂತ್ಲು. ಆ ಶೋ ನೋಡೋವಾಗ ನೋಡ್ತಾಳಲ್ಲ, ಹಾಗೇ ಕಣ್ಣು ಕಿರಿದು ಮಾಡಿ ನೋಡಿದ್ಲು. "ದೊಡ್ಡಪ್ಪ, ಇದು ಯಾರು?"

"ಯಾರು ಅಂದ್ರೆ? ನೀನೇ ಕಣಮ್ಮ!"

"ನಾನು ಇಷ್ಟು ಬೆಳ್ಳಗಿಲ್ಲ. ನಾನು ಅಜ್ಜಿ ಥರ ಇದೀನಿ." ಅದನ್ನ ಅವಳು ದೂರು ಅಂತ ಹೇಳ್ಲಿಲ್ಲ. ಕನ್ನಡಿ ಮುಂದೆ ಮೂಗು ಒತ್ತಿಕೊಂಡಿದ್ದ ಹುಡುಗೀನೇ ಇವಳು. ನನ್ನ ಎದೆ ಅಷ್ಟಗಲ ಆಯ್ತು.

"ಅದೆಲ್ಲ ಡಿಸೈನರ್ ಮಾಡ್ತಾನೆ ಬಿಡು" ಅಂದ್ರು ಭಾವ.

"ನಿಮ್ಮ ಫೋಟೋ ನನ್ನದಕ್ಕಿಂತ ದೊಡ್ಡದಿದೆ. ಒಸಗೆ ನಿಮ್ಮದಾ?"

ನನ್ನ ಗಂಡ ಕೆಮ್ಮಿದ್ರು, ನಗು ಮುಚ್ಕೊಳ್ಳೋಕೆ. ಭಾವನ ಮುಖ ಕೆಂಪಾಯ್ತು. "ಏನ್ ಪುಟ್ಟಿ ಹಿಂಗಂತೀಯ? ನಿನಗೋಸ್ಕರ ತಾನೆ ಇಷ್ಟೆಲ್ಲ ಮಾಡ್ತಿರೋದು! ಆ ಬೊಂಬಾಯಿ ಶ್ರೀಮಂತ ಹೆಂಗಸರ ಪ್ರೋಗ್ರಾಂ ನೋಡ್ತೀಯಂತಲ್ಲ, ಅದಕ್ಕೇ ನಾನು ನಿನಗೆ ಇದೇ ಇಷ್ಟ ಅಂದ್ಕೊಂಡೆ. ಅವರ ಥರಾನೇ ಗ್ರ್ಯಾಂಡಾಗಿ ಇರ್ಲಿ ಅಂತ ಡ್ರೋನಿನವನಿಗೂ ಹೇಳಿದೀನಿ. ಅದನ್ನೆಲ್ಲ ನೋಡೋ ಹುಡುಗಿಗೆ ಇದ್ಯಾವ ನಾಚಿಕೆ?"

ಆ ಮಾತಿಗೆ ನಾನೇ ಬೆಚ್ಚಿಬಿದ್ದೆ. ಒಳ್ಳೆ ಮನಸ್ಸಿಂದಾನೇ ತಪ್ಪು ಲೆಕ್ಕ ಹಾಕಿದ್ರು ಆ ಮನುಷ್ಯ. ನೋಡೋ ಹುಡುಗೀರಿಗೆಲ್ಲ ತೋರಿಸ್ಕೊಳ್ಳೋ ಆಸೆ ಇರುತ್ತೆ ಅಂತ.

ಮಗಳು ತಿರುಗಿ ನಿಂತ್ಲು. ಮಾತು ಒಂದೊಂದೂ ಸ್ಪಷ್ಟ. "ದೊಡ್ಡಪ್ಪ, ಅವರನ್ನ ಮೊದಲೇ ಕೇಳಿರ್ತಾರೆ. ಅವರು ಒಪ್ಪಿ ಸೈನ್ ಹಾಕಿರ್ತಾರೆ. ಬೇಡ ಅನ್ಸಿದ್ರೆ ಮೈಕು ಕಿತ್ತಿಟ್ಟು ಎದ್ದು ಹೋಗ್ತಾರೆ, ಒಬ್ಬಳು ಹೋದ್ಲು, ನಾನೇ ನೋಡಿದೀನಿ. ಅವರೆಲ್ಲ ದೊಡ್ಡವರು, ಅವರ ವಿಷಯ ಅವರು ತೋರಿಸ್ಕೊಳ್ತಾರೆ. ಇದು ನನ್ನ ಮೈ ವಿಷಯ. ನನ್ನನ್ನ ಯಾರು ಕೇಳಿದ್ರು?"



ನನ್ನ ಬಾಯಿ ತಾನಾಗೇ ತೆರೀತು. "ಭಾವ, ಅದನ್ನ ಆರಿಸಿ." ನನ್ನ ದನಿ ನನಗೇ ಹೊಸದಾಗಿ ಕೇಳಿಸ್ತು. "ಫ್ಲೆಕ್ಸು ಹಾಕೋ ಹಾಗಿಲ್ಲ. ಮಂಟಪಾನೂ ಬೇಡ. ನಿಮ್ಮ ಪ್ರೀತಿ ನಮಗೆ ಗೊತ್ತು. ಆದ್ರೆ ಅವಳು ಬೇಡ ಅಂದಮೇಲೆ ಬೇಡ."

ಭಾವ ನನ್ನ ಕಡೆ ನೋಡ್ಲೇ ಇಲ್ಲ. ತಮ್ಮನ ಕಡೆ ನೋಡಿದ್ರು. ನನ್ನ ಗಂಡ, ನಂಬ್ತೀರೋ ಇಲ್ವೋ, ನೆಲ ನೋಡ್ತಾನೇ, "ಹೌದಣ್ಣ, ಬೇಡ" ಅಂದ್ರು. ಆಮೇಲೆ ಭಾವ ಅಮ್ಮನ ಕಡೆ ತಿರುಗಿದ್ರು. "ನೋಡಮ್ಮ, ಮನೆ ಮರ್ಯಾದೆ ಪ್ರಶ್ನೆ. ನಾಕು ಜನಕ್ಕೆ ಆಗ್ಲೇ ಹೇಳಿದೀನಿ. ನೀನೇ ಹೇಳು ಇವರಿಗೆ."

ನಮ್ಮತ್ತೆ ದಿವಾನದಿಂದ ಏಳ್ಲಿಲ್ಲ. ಟಿವಿ ಕಡೆ ಗದ್ದ ತೋರಿಸಿ ಹೇಳಿದ್ರು: "ನನ್ನ ಒಸಗೇಲಿ ಊರಿಗೂರೇ ಬಂದು ಉಂಡ್ಕೊಂಡು ಓಯ್ತು ಕಣ್ಲಾ. ಗಂಡಸ್ರು ಬಗ್ಗಿ ಬಗ್ಗಿ ನೋಡ್ಕೊಂಡು ಓದ್ರು. ನಾನು ಗುಡ್ಲಾಗೆ ತಲೆ ಬಗ್ಗಿಸ್ಕೊಂಡು ಅಳ್ತಾ ಕುಂತಿದ್ದೆ. ಎಣ್ಣೆ ಅಚ್ಚಿದ್ರು, ಊವ ಮುಡಿಸಿದ್ರು, ಯಾಕಳ್ತೀಯವ್ವ ಅಂತ ಒಬ್ರೂ ಕೇಳ್ಲಿಲ್ಲ." ಮೊಮ್ಮಗಳನ್ನ ನೋಡಿದ್ರು. "ಕೇಳ್ಬೇಕು ಅಂತ ನಂಗೂ ಗೊತ್ತಿರ್ನಿಲ್ಲ. ಇವ್ಳು ಕೇಳವ್ಳೆ. ಎತ್ಕೊಂಡೋಗು ಕಣ್ಲಾ ನಿನ್ನ ಬೋರ್ಡ."

ಭಾವ ಮೊಬೈಲ್ ಜೇಬಿಗೆ ಹಾಕ್ಕೊಂಡು, "ಮಾಡ್ಕೊಳ್ಳಿ, ಏನ್ ಬೇಕಾದ್ರೂ ಮಾಡ್ಕೊಳ್ಳಿ" ಅಂದು ಎದ್ದು ಹೋದ್ರು. ಕಾಫಿ ಮುಟ್ಲಿಲ್ಲ. ಗೇಟು ಧಡಾರಂತ ಬಿತ್ತು. ಅವರು ಹೋದ್ಮೇಲೆ ಮಗಳು ಅತ್ಲು, ತಡೆಯೋಕೆ ಆಗದಷ್ಟು ಅತ್ಲು. ದೊಡ್ಡಪ್ಪ ಅಂದ್ರೆ ಅವಳಿಗೂ ಪ್ರಾಣವೇ. "ನಾನು ತಪ್ಪು ಮಾತಾಡಿದ್ನಾ ಅಮ್ಮ?" ಅಂತ ಕೇಳಿದ್ಲು. "ಒಂದಕ್ಷರಾನೂ ತಪ್ಪಿಲ್ಲ" ಅಂದೆ. ನನ್ನ ಹೊಟ್ಟೇಲಿ ಹುಟ್ಟಿದ್ದು ಇವಳೇನಾ ಅಂತ ಅವಳ ಬೆನ್ನು ಸವರ್ತಾ ಸವರ್ತಾ ನನಗೆ ಅನ್ಸಿದ್ದು. ಹೆಮ್ಮೆ ಪಡೋಕೆ ನಾನು ಯಾರ ಅಪ್ಪಣೆಯನ್ನೂ ಕೇಳಲ್ಲ, ಇವತ್ತಿಗೂ ಕೇಳಲ್ಲ.

ಒಸಗೆ ಮನೇಲೇ ಮಾಡಿದ್ವಿ. ಯಾರನ್ನ ಕರೀಬೇಕು ಅಂತ ಅವಳನ್ನೇ ಕೇಳ್ದೆ. ನಮ್ಮ ಮನೆ ಹೆಂಗಸರು, ಪಕ್ಕದ ಮನೆ ಆಂಟಿ, ಸ್ಕೂಲಿನ ನಾಲ್ಕು ಜನ ಗೆಳತೀರು, ಸಾಕು ಅಂದ್ಲು. ಪಕ್ಕದ ಮನೆಯವರು ಮನೇಲಿ ದಖನಿ ಉರ್ದು ಆಡೋ ಸಾಬರು, ಈ ಶಾಸ್ತ್ರ ಅವರಿಗಿಲ್ಲ. ಆದ್ರೆ ಇವಳು ತೊಟ್ಟಿಲಲ್ಲಿದ್ದಾಗಿನಿಂದ ಎತ್ತಿ ಆಡಿಸಿದೋರು. ಒಂದು ಡಬ್ಬಿ ತುಂಬ ಶ್ಯಾವಿಗೆ ಪಾಯಸ ತಂದು, "ನಮ್ಮ ಹುಡುಗೀದಲ್ವಾ ಫಂಕ್ಷನ್ನು" ಅಂತ ಎಲ್ಲರಿಗಿಂತ ಮುಂಚೆ ಬಂದು ಕೂತ್ರು. ನನ್ನ ತಮ್ಮ ನಮ್ಮ ತವರು ಮಾಕಳಿಯಿಂದ ತೆಂಗಿನ ಗರಿ ತಂದು ವೆರಾಂಡಾದಲ್ಲಿ ಗುಡ್ಲು ಹಾಕಿದ. ನಾನು ಹೊಲಿದ ಲಂಗ ದಾವಣಿ ಉಟ್ಟು, ತನ್ನದೇ ಬಣ್ಣದ ಮುಖದಲ್ಲಿ ಮಗಳು ಮಣೆ ಮೇಲೆ ಕೂತಿದ್ಲು. ಗೆಳತೀರು ಪಕ್ಕದಲ್ಲೇ ಚಾಪೆ ಹಾಕ್ಕೊಂಡು ಕಿಸಿಕಿಸಿ ನಗ್ತಿದ್ರು. ಭಾವನ ಹೆಂಡತಿ ಬಂದಿದ್ರು, ಮಡಿಲಕ್ಕಿ ತಂದಿದ್ರು. "ಅವರು?" ಅಂತ ಕಣ್ಣಲ್ಲೇ ಕೇಳ್ದೆ. ಗೊತ್ತಿಲ್ಲ ಅನ್ನೋ ಥರ ತಲೆ ಆಡಿಸಿದ್ರು. ಆವತ್ತು ಗೇಟು ಹಾಕ್ಕೊಂಡು ಹೋದೋರು ನಮ್ಮ ಜೊತೆ ಮಾತೇ ಆಡಿರಲಿಲ್ಲ. ಮಗಳು ಮಧ್ಯೆ ಮಧ್ಯೆ ಗೇಟಿನ ಕಡೆ ನೋಡ್ತಿದ್ಲು. ನೋಡ್ತಿಲ್ಲ ಅನ್ನೋ ಹಾಗೆ ನೋಡ್ತಿದ್ಲು.

ಅತ್ತೆ ಸೋಬಾನೆ ಶುರು ಮಾಡಿದ್ರು, ಆರತಿ ತಟ್ಟೆ ಎತ್ತಿದ್ವಿ. ಆಗ ಗೇಟು ಸದ್ದಾಯ್ತು. ಭಾವ. ಬಿಳೀ ಶರ್ಟು, ಕೈಯಲ್ಲಿ ತಟ್ಟೆ, ತಟ್ಟೇಲಿ ಹಣ್ಣು, ರೇಷ್ಮೆ ಬಟ್ಟೆ. ಮೆಟ್ಟಿಲ ಕೆಳಗೆ ಬಂದು ನಿಂತುಬಿಟ್ರು. ನನ್ನ ಗಂಡ ಓಡಿ ಹೋಗಿ "ಬಾಣ್ಣ, ಒಳಗೆ ಬಾ" ಅಂದ್ರು. ಭಾವ ಕದಲಲಿಲ್ಲ. ಈ ಮನೆ ಗೋಡೆ ಕಟ್ಟಿಸಿದೋರೇ ಅವರು. ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ನುಗ್ಗಿ, ಪಾತ್ರೆ ಮುಚ್ಚಳ ತೆಗೆದು ನೋಡೋ ಮನುಷ್ಯ. ತಮ್ಮನನ್ನ ದಾಟಿ, ನನ್ನನ್ನ ದಾಟಿ, ಗುಡ್ಲಲ್ಲಿ ಕೂತಿದ್ದ ಹುಡುಗೀನ ನೋಡಿ ಕೇಳಿದ್ರು:

"ಏನವ್ವಾ, ದೊಡ್ಡಪ್ಪ ಒಳಗೆ ಬರಬಹುದಾ?"

ಸೋಬಾನೆ ನಿಂತುಹೋಯ್ತು. ತಕ್ಷಣ ಬನ್ನಿ ಅಂತಾಳೆ ಅಂದ್ಕೊಂಡೆ. ಅನ್ನಲಿಲ್ಲ. ಯೋಚನೆ ಮಾಡಿದ್ಲು. ಗೆಳತೀರನ್ನ ನೋಡಿದ್ಲು, ಅಜ್ಜೀನ ನೋಡಿದ್ಲು, ಭಾವ ಮೆಟ್ಟಿಲ ಕೆಳಗೆ ಬಿಸಿಲಲ್ಲಿ ತಟ್ಟೆ ಹಿಡ್ಕೊಂಡು ಕಾದ್ರು. ಕೊನೆಗೆ ಅಂದ್ಲು:

"ಬನ್ನಿ ದೊಡ್ಡಪ್ಪ. ಫೋನು ಮಾತ್ರ ಅಪ್ಪನ ಕೈಲಿ ಕೊಟ್ಟು ಬನ್ನಿ."

ಭಾವ ತಟ್ಟೆಯನ್ನ ಒಂದು ಕೈಗೆ ತಗೊಂಡು, ಶರ್ಟಿನ ಜೇಬಿಂದ ಒಂದು ಫೋನು ತೆಗೆದು ತಮ್ಮನಿಗೆ ಕೊಟ್ರು. ಆಮೇಲೆ ಪ್ಯಾಂಟಿನ ಜೇಬಿಂದ ಇನ್ನೊಂದೂ ತೆಗೆದು ಕೊಟ್ರು. ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಮೆಟ್ಟಿಲು ಹತ್ತಿದ್ರು.